ಮೊದಲು ಕಂತು, ಆಮೇಲೆ ವಸ್ತು: ಉದ್ರಿ ಮಾಡದೆ ಏಸಿ, ಫ್ರಿಜ್, ಬೈಕ್ ಮನೆಗೆ ತರುವ ಬಗೆ

ಒಂದು ಲಕ್ಷ ರೂಪಾಯಿ ಸಾಲ ಮಾಡಿ ಬೈಕ್ ತಂದರೆ ತಿಂಗಳಿಗೆ ಐದು ಸಾವಿರದಂತೆ 24 ಕಂತು ಕಟ್ಟಬೇಕು. ಅದೇ ಐದು ಸಾವಿರವನ್ನು ಬೈಕ್ ತರುವ ಮುಂಚೆ ಬ್ಯಾಂಕಿನ ಆರ್‌ಡಿ (ತಿಂಗಳ ಕಂತಿನ ಠೇವಣಿ) ಖಾತೆಗೆ ಕಟ್ಟುತ್ತ ಹೋದರೆ, ಬಡ್ಡಿ ಶೇ 6 ಎಂದು ಹಿಡಿದರೂ 19 ಕಂತಿಗೆ ಹೆಚ್ಚುಕಡಿಮೆ ಲಕ್ಷ ತುಂಬುತ್ತದೆ. ಕಟ್ಟುವ ಕೈ ಅದೇ, ಮೊತ್ತ ಅದೇ, ತಾರೀಕೂ ಅದೇ. ಉಳಿದದ್ದು ಐದು ಕಂತು, 25,000 ರೂಪಾಯಿ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕಂತು ಕಟ್ಟಿ ಗೊತ್ತಿಲ್ಲದ ಮನೆ ಅಪರೂಪ. ಸಂಘದ ಕಂತು, ಟ್ರ್ಯಾಕ್ಟರ್ ಕಂತು, ಚೀಟಿ ಕಂತು, ಮೊಬೈಲ್ ಕಂತು ಎಲ್ಲವೂ ನಡೆದೇ ಇರುತ್ತವೆ. ಐದನೇ ತಾರೀಕಿಗೆ ಹೇಗೋ ಹೊಂದಿಸಿ ಕಟ್ಟುವ ಆ ರೂಢಿಯನ್ನೇ ವಸ್ತುವಿನ ಹಿಂದಿನಿಂದ ಎತ್ತಿ ಮುಂದೆ ಇಡಬೇಕು, ಅಷ್ಟೇ. ಇಲ್ಲಿ ಹೇಳುತ್ತಿರುವುದು ಇಲ್ಲದಿದ್ದರೂ ಬದುಕು ನಿಲ್ಲದ ವಸ್ತುಗಳ ಮಾತು: ಏಸಿ, ಡಬಲ್ ಡೋರ್ ಫ್ರಿಜ್, ದೊಡ್ಡ ಟಿವಿ, 350 ಸಿಸಿ ಬೈಕ್, ಹಬ್ಬದ ಬಂಗಾರ. ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ಮೋಟರ್ ಸುಟ್ಟರೆ ಯಾರೂ ಆರ್‌ಡಿ ಶುರು ಮಾಡಿ ಕೂರುವುದಿಲ್ಲ; ಸಾಲ ಮಾಡಿಯಾದರೂ ಕಟ್ಟಿಸಬೇಕು. ಅದರ ಲೆಕ್ಕ ಬೇರೆ.

ಉದ್ರಿಯ ಬೆಲೆಯನ್ನು ಊರಿನ ಬಡ್ಡಿಗೆ ಇಳಿಸಿ ನೋಡಿ

ಊರಲ್ಲಿ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ಎಂದು ಹೇಳುತ್ತೇವೆ. ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 24, ಮೂರು ರೂಪಾಯಿ ಎಂದರೆ ಶೇ 36. ಮೂರು ರೂಪಾಯಿ ಬಡ್ಡಿಗೆ ಸಾಲ ತಂದು ಫ್ರಿಜ್ ಕೊಂಡವರನ್ನು ಕಂಡರೆ ಊರೇ ಬೈಯುತ್ತದೆ. ಆದರೆ ಕ್ರೆಡಿಟ್ ಕಾರ್ಡಿನ ಬಾಕಿ ಮೇಲಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಮೂರರಿಂದ ಮೂರೂಮುಕ್ಕಾಲು ರೂಪಾಯಿ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. 36,000 ರೂಪಾಯಿಯ ಫ್ರಿಜ್ ಅನ್ನು ಕಾರ್ಡಿನಲ್ಲಿ ಉಜ್ಜಿ, ಮೂರೂವರೆ ರೂಪಾಯಿ ಬಡ್ಡಿಯಲ್ಲಿ ತಿಂಗಳಿಗೆ 3,000 ಕಟ್ಟುತ್ತ ಹೋದರೆ ಅದು ತೀರಲು 17 ತಿಂಗಳು ಬೇಕು. ಜಿಎಸ್‌ಟಿ ಸೇರಿ ಕೈಬಿಟ್ಟ ದುಡ್ಡು ಸುಮಾರು 50,700. ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ‘ಕನಿಷ್ಠ ಪಾವತಿ’ಯನ್ನು ಮಾತ್ರ ಕಟ್ಟಿದರೆ ವರ್ಷಗಟ್ಟಲೆ ಎಳೆಯುತ್ತದೆ. ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿರುವುದಿಲ್ಲ: ಹಳೆ ಬಾಕಿ ಉಳಿದಿರುವಾಗ ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ.

ಬೈಕ್ ಸಾಲದಲ್ಲಿ ಮೋಸ ಹೋಗುವುದು ‘ಫ್ಲ್ಯಾಟ್’ ಎಂಬ ಪದದಲ್ಲಿ. ‘ಬರೀ ಹತ್ತು ಪರ್ಸೆಂಟ್ ರೀ’ ಎನ್ನುತ್ತಾರೆ. ಒಂದು ಲಕ್ಷಕ್ಕೆ ಎರಡು ವರ್ಷಕ್ಕೆ ಶೇ 10ರಂತೆ 20,000 ಬಡ್ಡಿ ಸೇರಿಸಿ, 24ರಿಂದ ಭಾಗಿಸಿದರೆ ತಿಂಗಳಿಗೆ 5,000. ಇಪ್ಪತ್ತಮೂರನೇ ಕಂತಿನ ಹೊತ್ತಿಗೆ ನಿಮ್ಮ ಮೇಲಿರುವ ಅಸಲು ಹತ್ತು ಸಾವಿರವೂ ಇರುವುದಿಲ್ಲ, ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆ ಹಾಕಿದ್ದೇ. ಇಳಿಯುವ ಅಸಲಿನ ಲೆಕ್ಕಕ್ಕೆ ತಂದರೆ ಈ ‘ಹತ್ತು’ ಶೇ 18 ದಾಟುತ್ತದೆ. ಎಲ್ಲಿ ಕೇಳಿದರೂ ‘ಫ್ಲ್ಯಾಟಾ, ರೆಡ್ಯೂಸಿಂಗಾ?’ ಎಂಬುದು ಮೊದಲ ಪ್ರಶ್ನೆ ಆಗಿರಲಿ.

ಇನ್ನು ‘ನೋ ಕಾಸ್ಟ್ ಇಎಂಐ’. ಬಡ್ಡಿ ಇಲ್ಲದ ಸಾಲ ಎಂಬುದೇ ಇಲ್ಲ. ಸೊನ್ನೆ ಬಡ್ಡಿ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಇದನ್ನು ಹೇಳಿತ್ತು. 36,000ದ ವಸ್ತುವಿಗೆ ಕಾರ್ಡಿನಲ್ಲಿ ಆರು ತಿಂಗಳು 6,000 ಎಂದರೆ, ವರ್ಷಕ್ಕೆ ಶೇ 15 ಬಡ್ಡಿ ಲೆಕ್ಕದಲ್ಲಿ ಒಳಗೆ ಸುಮಾರು 1,520 ರೂಪಾಯಿ ಬಡ್ಡಿ ಕೂತಿರುತ್ತದೆ. ಅಷ್ಟನ್ನು ಅಂಗಡಿಯವರು ಅಥವಾ ಕಂಪನಿ ರಿಯಾಯಿತಿ ಎಂದು ಬಿಟ್ಟುಕೊಟ್ಟಿರುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಸುಮಾರು 274 ರೂಪಾಯಿ ನಿಮ್ಮದೇ, ಪ್ರೊಸೆಸಿಂಗ್ ಶುಲ್ಕವೂ ನಿಮ್ಮದೇ. ನಗದು ಕೊಟ್ಟಿದ್ದರೆ ಆ 1,520ನ್ನು ನೀವೇ ಚೌಕಾಸಿ ಮಾಡಿ ಬಿಡಿಸಿಕೊಳ್ಳಬಹುದಿತ್ತು, ನಿಜವಾದ ನಷ್ಟ ಅದು.

ಸಾಲ ಮಾಡದಿದ್ದರೂ ಒಮ್ಮೆ ಈ ಹಾಳೆಯನ್ನು ಕೇಳಿ ಓದಿ: ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಮಾನ್ಯ ಗ್ರಾಹಕರ ಸಾಲಗಳಿಗೆ ಇದನ್ನು ಕೊಡಲೇಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಎಂಬ ಒಂದು ಸಂಖ್ಯೆ ಇರುತ್ತದೆ. ಬಡ್ಡಿ, ಶುಲ್ಕ, ವಿಮೆ ಎಲ್ಲ ಕೂಡಿದ ವರ್ಷದ ದರ ಅದು. ಅದನ್ನು ಹನ್ನೆರಡರಿಂದ ಭಾಗಿಸಿದರೆ ಊರಿನ ರೂಪಾಯಿ ಬಡ್ಡಿಗೆ ಬಂದು ಕೂರುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ಈ ಹಾಳೆ ಅನ್ವಯಿಸುವುದಿಲ್ಲ.

ವಸ್ತುವಿನ ಪೂರ್ತಿ ಬೆಲೆ ಬರೆಯಿರಿ

ಗಂಟು ಕಟ್ಟಲು ಹೊರಟವರು ಸೋಲುವ ಮೊದಲ ಜಾಗ ಇದು. ಬೋರ್ಡಿನ ಮೇಲಿನ ಬೆಲೆಯನ್ನೇ ಗುರಿ ಎಂದುಕೊಂಡು ಉಳಿಸುತ್ತಾರೆ, ಕೊನೆಗೆ ಎಂಟು ಸಾವಿರ ಕಡಿಮೆ ಬಿದ್ದು ಅದಕ್ಕೇ ಕೈಗಡ ಮಾಡುತ್ತಾರೆ. ರಾಯಚೂರಿನ ಬೇಸಿಗೆಗೆ ಒಂದು ಏಸಿ ಬೇಕು ಎಂದಿಟ್ಟುಕೊಳ್ಳಿ. ಹಾಳೆಯ ಮೇಲೆ ಹೀಗೆ ಬರುತ್ತದೆ (ಬೆಲೆಗಳು ಮಾದರಿಗೆ ಮಾತ್ರ, ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ):

ಒಂದೂವರೆ ಟನ್ ಇನ್ವರ್ಟರ್ ಏಸಿ, ಮೂರು ಸ್ಟಾರ್ – 38,000
ಸ್ಟೆಬಿಲೈಜರ್ – 2,500
ಹೊರಗಿನ ಯೂನಿಟ್ಟಿಗೆ ಕಬ್ಬಿಣದ ಸ್ಟ್ಯಾಂಡ್ – 800
ಹೆಚ್ಚುವರಿ ತಾಮ್ರದ ಪೈಪು, ಎರಡು ಮೀಟರ್ – 1,600
ಜೋಡಣೆ ಕೂಲಿ – 1,500
ಮೀಟರ್ ಬೋರ್ಡಿನಿಂದ ಬೇರೆ ವೈರು, ಎಂಸಿಬಿ, ದೊಡ್ಡ ಪ್ಲಗ್ – 2,000
ಒಟ್ಟು – 46,400

ಡಬ್ಬಿಯಲ್ಲಿ ಬರುವ ಪೈಪು ಸಾಮಾನ್ಯವಾಗಿ ಮೂರು ಮೀಟರ್. ಹೊರಗಿನ ಯೂನಿಟ್ಟನ್ನು ಮಾಳಿಗೆಯ ಮೇಲೆ ಇಡುವ ಮನೆಗೆ ಅದು ಸಾಲುವುದಿಲ್ಲ, ಜೋಡಿಸಲು ಬಂದವರು ಅಲ್ಲೇ ನಿಂತು ಮೀಟರ್ ಲೆಕ್ಕ ಹೇಳುತ್ತಾರೆ. ಮುಂಚೆಯೇ ಹಗ್ಗ ಹಿಡಿದು ಅಳೆದುಕೊಳ್ಳಿ. ವೈರಿನ ಖರ್ಚು ಉಳಿಸಲು ಹೋಗಬೇಡಿ. ಫ್ಯಾನಿಗೆ ಎಳೆದ ಹಳೆ ತೆಳು ವೈರಿಗೆ ಏಸಿ ಹಾಕಿದರೆ ವೈರು ಕಾಯುತ್ತದೆ, ಪ್ಲಗ್ ಕರಗುತ್ತದೆ. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು ಬೇಕು.

ಇದಾದ ಮೇಲೆ ತಿಂಗಳ ಖರ್ಚು. ಇಂಥ ಏಸಿ ಸರಾಸರಿ ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆ ಎನ್ನಿ. ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್. ಮನೆಯ ಮಾಮೂಲಿ ಬಳಕೆ 90 ಇದ್ದರೆ ಒಟ್ಟು 330. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಹೆಚ್ಚುವರಿಗೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಎಂದರೂ, ನಿಗದಿತ ಶುಲ್ಕ, ತೆರಿಗೆ ಸೇರಿ ಜೆಸ್ಕಾಂ ಬಿಲ್ ಎರಡು ಸಾವಿರ ದಾಟುತ್ತದೆ. ನಿನ್ನೆಯವರೆಗೆ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಮಾರ್ಚಿಯಿಂದ ಜೂನ್‌ವರೆಗೆ ಎಂಟು ಒಂಬತ್ತು ಸಾವಿರದ ಹೊಸ ಹೊರೆ. ಸಾಲದ ಏಸಿಯಾದರೆ ಕಂತೂ ಬಿಲ್ಲೂ ಒಂದೇ ತಿಂಗಳಿಗೆ ಬಂದು ನಿಲ್ಲುತ್ತವೆ. ಬೇಸಿಗೆ ಮುಗಿಯುವ ಮುಂಚೆಯೇ ಕಂತು ತಪ್ಪುವುದು ಇದೇ ಕಾರಣಕ್ಕೆ.

46,400ನ್ನು 50,000ಕ್ಕೆ ಏರಿಸಿ ಗುರಿ ಬರೆಯಿರಿ. ಬೆಲೆ ಏರಿದರೆ ಆ ಮೂರೂವರೆ ಸಾವಿರ ತಡೆಯುತ್ತದೆ, ಏರದಿದ್ದರೆ ಮೊದಲ ಕರೆಂಟ್ ಬಿಲ್ ಅದರಲ್ಲೇ ಹೋಗುತ್ತದೆ. ಕಾಯುವಷ್ಟರಲ್ಲಿ ಬೆಲೆ ಏರುತ್ತದೆ ಎಂದು ಹೆದರಿಸುವವರು ಇದ್ದೇ ಇರುತ್ತಾರೆ. 2025ರ ಸೆಪ್ಟೆಂಬರ್ 22ರಂದು ಏಸಿ, 32 ಇಂಚಿಗಿಂತ ದೊಡ್ಡ ಟಿವಿ, 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ತಿಂಗಳು ಕಂತಿನ ಮೇಲೆ ತಂದವರು ಹಳೆ ತೆರಿಗೆಗೂ ಬಡ್ಡಿ ಕಟ್ಟಬೇಕಾಯಿತು.

ಕಂತು ಎಷ್ಟಿರಬೇಕು

ಗುರಿಯನ್ನು ತಿಂಗಳಿಂದ ಭಾಗಿಸಿದರೆ ಕಂತು ಸಿಕ್ಕಿತು ಎನ್ನುವುದು ಹಾಳೆಯ ಮೇಲಿನ ಮಾತು. ಅದಕ್ಕೂ ಮುಂಚೆ ಎರಡು ಕೆಲಸ ಇವೆ. ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿಯ ಸಾಲ, ಕಾರ್ಡಿನ ಬಾಕಿ ಏನಿದ್ದರೂ ಅದು ಮೊದಲು ತೀರಬೇಕು. ಶೇ 36 ಬಡ್ಡಿ ಕೊಡುತ್ತ ಶೇ 6ಕ್ಕೆ ಗಂಟು ಇಡುವುದು ಒಡೆದ ಕೊಡಕ್ಕೆ ನೀರು ಹೊತ್ತ ಹಾಗೆ. ಎರಡನೆಯದು, ಮನೆಯ ಒಂದು ತಿಂಗಳ ಖರ್ಚಿನಷ್ಟು ದುಡ್ಡು ಬೇರೆ ಉಳಿತಾಯ ಖಾತೆಯಲ್ಲಿರಲಿ. ಇದಕ್ಕೆ ಆಸ್ಪತ್ರೆ ಗಂಟು ಎಂದೇ ಹೆಸರಿಡಿ. ಇದು ಇಲ್ಲದೆ ಶುರುವಾದ ಏಸಿ ಗಂಟು ಮೊದಲ ಜ್ವರಕ್ಕೇ ಒಡೆಯುತ್ತದೆ.

ಆಮೇಲೆ ಕಂತಿನ ಲೆಕ್ಕ. 50,000 ಏಸಿಗೆ ಮೇ ತಿಂಗಳಿಂದ ಜನವರಿವರೆಗೆ ಒಂಬತ್ತು ಕಂತು, ತಲಾ 5,400. ಕಟ್ಟಿದ್ದು 48,600, ಶೇ 6ರಂತೆ ಬಡ್ಡಿ ಸುಮಾರು 1,215, ಫೆಬ್ರುವರಿಯಲ್ಲಿ ಕೈಗೆ 49,800 ಬರುತ್ತದೆ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋಗುವ ಹೊತ್ತು, ಏಸಿ ಅಂಗಡಿಯಲ್ಲಿ ಇನ್ನೂ ನೂಕುನುಗ್ಗಲು ಶುರುವಾಗಿರುವುದಿಲ್ಲ.

5,400 ನಿಮ್ಮಿಂದ ಸಾಧ್ಯವೇ? ಖಾತೆ ತೆರೆಯುವ ಮುಂಚೆ ಎರಡು ತಿಂಗಳು ಅಷ್ಟನ್ನು ಪಕ್ಕಕ್ಕಿಟ್ಟು ಬದುಕಿ ನೋಡಿ. ಎರಡನೇ ತಿಂಗಳು 20ನೇ ತಾರೀಕಿಗೇ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವಂತಾದರೆ ಕಂತು ದೊಡ್ಡದಾಯಿತು ಎಂದು ಅರ್ಥ. ಕಿರಾಣಿ ಉದ್ರಿ ಮಾಡಿ ಆರ್‌ಡಿ ಕಟ್ಟುವುದೂ ಸಾಲವೇ, ವೇಷ ಬೇರೆ. 4,000ಕ್ಕೆ ಇಳಿಸಿ, ಅವಧಿ ಹನ್ನೆರಡು ತಿಂಗಳಿಗೆ ಎಳೆಯಿರಿ.

ಆದಾಯ ಬರುವ ಹಾಗೆ ಗಂಟು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ, ಶಾಲೆ, ಸರ್ಕಾರಿ ಕಚೇರಿ ಹೀಗೆ ತಿಂಗಳ ಪಗಾರ ಇರುವವರ ದಾರಿ ಸುಲಭ. ಪಗಾರ ಬೀಳುವ ಬ್ಯಾಂಕಿನಲ್ಲೇ ಆರ್‌ಡಿ ತೆರೆದು, ಪಗಾರದ ಮಾರನೇ ದಿನಕ್ಕೆ ತಾನಾಗಿ ಕಡಿತವಾಗುವ ಸೂಚನೆ ಕೊಡಿ. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೇನೆ ಎಂದರೆ ಉಳಿಯುವುದಿಲ್ಲ. ಅವಧಿ ಆರು, ಒಂಬತ್ತು, ಹನ್ನೆರಡು ತಿಂಗಳು ಹೀಗೆ ಆರಿಸಿಕೊಳ್ಳಬಹುದು. ಅಂಚೆ ಕಚೇರಿಯ ಆರ್‌ಡಿಗೆ ಬಡ್ಡಿ ಚೆನ್ನಾಗಿದೆ, ತಿಂಗಳಿಗೆ ನೂರು ರೂಪಾಯಿಯಿಂದಲೂ ಶುರು ಮಾಡಬಹುದು. ಆದರೆ ಅದು ಐದು ವರ್ಷದ್ದು, ಮೂರು ವರ್ಷ ತುಂಬುವ ಮುಂಚೆ ಮುಚ್ಚಲು ಬರುವುದಿಲ್ಲ. ಒಂದು ವರ್ಷ ಕಟ್ಟಿದ ಮೇಲೆ ಅದರ ಅರ್ಧದಷ್ಟು ಸಾಲ ಸಿಗುತ್ತದೆ. ಬರುವ ಬೇಸಿಗೆಯ ಏಸಿಗೆ ಅಂಚೆ ಆರ್‌ಡಿ ತೆರೆದು, ಫೆಬ್ರುವರಿಯಲ್ಲಿ ಕೌಂಟರ್ ಮುಂದೆ ನಿಂತು ಜಗಳ ಆಡಬೇಡಿ. ಮಗಳ ಮದುವೆಯ ಬಂಗಾರಕ್ಕೆ ಅದು ಒಳ್ಳೆಯದು.

ದಿನದ ದುಡಿಮೆಯವರಿಗೆ, ಅಂದರೆ ಬಳ್ಳಾರಿಯ ಜೀನ್ಸ್ ಹೊಲಿಗೆಯವರು, ಆಟೋದವರು, ತರಕಾರಿ ಗಾಡಿಯವರು, ಎಪಿಎಂಸಿ ಹಮಾಲರು ಇವರಿಗೆಲ್ಲ, ತಿಂಗಳಿಗೊಮ್ಮೆ ಐದು ಸಾವಿರ ತೆಗೆದಿಡು ಎಂದರೆ ಆಗದ ಮಾತು. ಇವರಿಗೆ ಏಜೆಂಟರ ಕೈಗೆ ದಿನಾ ಇಷ್ಟಿಷ್ಟು ಕಟ್ಟುವ ಪಿಗ್ಮಿಯೇ ಸರಿ. 1928ರಲ್ಲಿ ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಈ ಪದ್ಧತಿ ಇಲ್ಲಿಯ ಸಂತೆ, ಬಜಾರುಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ದಿನಕ್ಕೆ 150ರಂತೆ ತಿಂಗಳಲ್ಲಿ 26 ದಿನ ಕಟ್ಟಿದರೆ 3,900. ಹತ್ತು ತಿಂಗಳಿಗೆ 39,000. ಬಡ್ಡಿ ಆರ್‌ಡಿಗಿಂತ ಕಡಿಮೆ, ಅವಧಿಗೆ ಮುಂಚೆ ಬಿಡಿಸಿದರೆ ಬಡ್ಡಿ ಹೋಗಿ, ಏಜೆಂಟರ ಕಮಿಷನ್ ಕಡಿತವೂ ಆಗುವುದುಂಟು. ಎಷ್ಟು ತಿಂಗಳು ದಾಟಿದರೆ ಕಡಿತವಿಲ್ಲ ಎಂಬುದನ್ನು ಮೊದಲ ದಿನವೇ ಕೇಳಿ ಪಾಸ್‌ಬುಕ್ಕಿನ ಹಿಂದೆ ಬರೆದಿಡಿ.

ಪಿಗ್ಮಿಯಲ್ಲಿ ಕೆಡುವುದು ಎರಡು ಕಡೆ. ‘ನಾಳೆ ಬರೀತೀನಿ ಬಿಡ್ರಿ ಅಣ್ಣಾರ’ ಎಂದು ಏಜೆಂಟ್ ದುಡ್ಡು ಒಯ್ದು, ಯಂತ್ರದ ಚೀಟಿ ಕೊಡದೆ ಹೋಗುವುದು ಒಂದು. ಕೊಟ್ಟ ದಿನವೇ ಚೀಟಿ ಅಥವಾ ಮೊಬೈಲಿಗೆ ಸಂದೇಶ ಬರಬೇಕು. ತಿಂಗಳಿಗೊಮ್ಮೆ ನೀವೇ ಶಾಖೆಗೆ ಹೋಗಿ ಖಾತೆಯಲ್ಲಿ ಎಷ್ಟಿದೆ ನೋಡಿ ಬನ್ನಿ. ಇನ್ನೊಂದು, ದುಡ್ಡು ಎಲ್ಲಿ ಕೂತಿದೆ ಎಂಬುದು. ವಾಣಿಜ್ಯ ಬ್ಯಾಂಕು, ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು ಇವುಗಳಲ್ಲಿ ಒಬ್ಬರ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಡಿಐಸಿಜಿಸಿ ವಿಮೆ (ಬ್ಯಾಂಕು ಮುಳುಗಿದರೆ ಠೇವಣಿ ಕೈಗೆ ಬರುವ ವಿಮೆ) ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ ‘ಬ್ಯಾಂಕ್’ ಎಂಬ ಪದ ಇದೆಯೋ, ಬರೀ ‘ಸಂಘ’, ‘ಸಹಕಾರಿ’ ಎಂದಿದೆಯೋ ನಿಂತು ಓದಿ. ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಗೆ ಆಸೆಪಟ್ಟು ವಿಮೆ ಇಲ್ಲದ ಕಡೆ ದೊಡ್ಡ ಗಂಟು ಇಡುವುದು ನಮ್ಮ ಮಟ್ಟಿಗೆ ಜಾಣತನವಲ್ಲ.

ರೈತರದ್ದು ಪೂರ್ತಿ ಬೇರೆ ಕತೆ. ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ, ರಾಶಿಯಾದ ಮೇಲೆ ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತದೆ. ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ಕಡೆ ಭತ್ತ ಮಾರಿದ ವಾರದಲ್ಲೇ ಶೋರೂಮುಗಳು ತುಂಬುವುದು ಅದಕ್ಕೇ. ಆ ವಾರ ಕೈಯಲ್ಲಿರುವ ರೊಕ್ಕ ಎಲ್ಲವೂ ನಮ್ಮದಲ್ಲ. ಮೊದಲು ಗೊಬ್ಬರ-ಔಷಧದ ಅಂಗಡಿಯ ಬಾಕಿ, ದಲಾಲಿ ಅಂಗಡಿಯ ಮುಂಗಡ, ಗುತ್ತಿಗೆ ಹೊಲವಾದರೆ ಗುತ್ತಿಗೆ ದುಡ್ಡು. ಆಮೇಲೆ ಸೊಸೈಟಿಯ ಬೆಳೆ ಸಾಲ: ಸೊನ್ನೆ ಬಡ್ಡಿ ಎನ್ನುವುದು ಅವಧಿಯೊಳಗೆ ಕಟ್ಟಿದವರಿಗೆ ಮಾತ್ರ, ಒಂದು ದಿನ ತಪ್ಪಿದರೂ ಆ ಸೊನ್ನೆ ಉಳಿಯುವುದಿಲ್ಲ. ಅದಾದ ಮೇಲೆ ಮುಂದಿನ ಬೆಳೆಯ ಬೀಜ, ಉಳುಮೆ, ನಾಟಿ ಕೂಲಿ. ಇವೆಲ್ಲ ಕಳೆದು ಉಳಿದದ್ದರಲ್ಲಿ ಏಸಿಯ ಮಾತು.

ಇವರಿಗೆ ರೂಪಾಯಿಗಿಂತ ಚೀಲದ ಲೆಕ್ಕ ಒಗ್ಗುತ್ತದೆ. ಎಕರೆಗೆ 75 ಕೆಜಿಯ ಎರಡು ಚೀಲ ಈ ಗಂಟಿಗೆ ಎಂದು ರಾಶಿಗೆ ಮುಂಚೆಯೇ ಮನೆಯಲ್ಲಿ ಮಾತಾಡಿಕೊಳ್ಳಿ. ಐದು ಎಕರೆಗೆ ಹತ್ತು ಚೀಲ. ಚೀಲಕ್ಕೆ 1,700 ಸಿಕ್ಕರೆ 17,000. ಮೂರು ಬೆಳೆಗೆ 51,000. ದರ ಬಿದ್ದ ವರ್ಷ ಗಂಟು ಸಣ್ಣದಾಗುತ್ತದೆ, ಏರಿದ ವರ್ಷ ದೊಡ್ಡದಾಗುತ್ತದೆ, ತಪ್ಪುವುದಂತೂ ಇಲ್ಲ. ತಿಂಗಳ ಕಂತಿನ ಸಾಲ ರೈತರಿಗೆ ಕುತ್ತಿಗೆಗೆ ಬರುವುದು ಇಲ್ಲೇ: ಕಂತಿಗೆ ಭತ್ತದ ದರ ಗೊತ್ತಿರುವುದಿಲ್ಲ.

ಎರಡನೇ ಬೆಳೆಯನ್ನು ಗುರಿಯ ಲೆಕ್ಕಕ್ಕೆ ಹಿಡಿಯಬೇಡಿ. ತುಂಗಭದ್ರಾ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಉಂಟೋ ಇಲ್ಲವೋ ಎಂಬುದು ಜಲಾಶಯದಲ್ಲಿ ಎಷ್ಟು ನೀರಿದೆ, ನೀರಾವರಿ ಸಲಹಾ ಸಮಿತಿ ಏನು ತೀರ್ಮಾನಿಸುತ್ತದೆ ಎಂಬುದರ ಮೇಲೆ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಡ್ಯಾಮಿನ ನೀರು ಹೊಳೆಗೆ ಹರಿದದ್ದನ್ನು ಕಾಲುವೆಯ ಕೊನೆ ಭಾಗದವರಿಗೆ ನೆನಪಿಸಬೇಕಾಗಿಲ್ಲ. ಬೇಸಿಗೆ ಭತ್ತ ಬಂದರೆ ಗಂಟು ಬೇಗ ತುಂಬಿತು ಎಂದುಕೊಳ್ಳಿ.

ಸುಗ್ಗಿಯ ಮೊತ್ತವನ್ನು ಇಡುವಾಗ ಒಂದೇ ಎಫ್‌ಡಿ ಮಾಡಬೇಡಿ. 60,000 ಇದ್ದರೆ 20,000ದ ಮೂರು ಮಾಡಿಸಿ. ನಡುವೆ ಎತ್ತಿಗೋ ಆಸ್ಪತ್ರೆಗೋ ಬೇಕಾದರೆ ಒಂದನ್ನು ಮುರಿಯಬಹುದು, ಉಳಿದೆರಡರ ಬಡ್ಡಿ ಕೆಡುವುದಿಲ್ಲ.

ಗೃಹಲಕ್ಷ್ಮಿಯ 2,000ವನ್ನು ಕೂಡಿಟ್ಟು ಫ್ರಿಜ್, ಹೊಲಿಗೆ ಯಂತ್ರ ತಂದ ಮನೆಗಳು ಇವೆ. ಒಳ್ಳೆಯ ದಾರಿ, ಒಂದೇ ಎಚ್ಚರ: ಆ ದುಡ್ಡು ಒಮ್ಮೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುತ್ತದೆ. ಅದನ್ನು ನಂಬಿ ನಿಗದಿ ತಾರೀಕಿನ ಆರ್‌ಡಿ ಕಟ್ಟಿದರೆ ತಪ್ಪಿದ ಕಂತಿಗೆ ದಂಡ ಬೀಳುತ್ತದೆ. ಬಂದಾಗ ಬಂದಷ್ಟನ್ನು ಸಣ್ಣ ಎಫ್‌ಡಿ ಮಾಡುವುದು ಲೇಸು.

ಚೀಟಿ, ಬಂಗಾರದ ಅಂಗಡಿಯ ಸ್ಕೀಮು

ಚೀಟಿ ಉಳಿತಾಯವೋ ಸಾಲವೋ? ಮೊದಲು ಎತ್ತಿದವರಿಗೆ ಸಾಲ, ಕೊನೆಗೆ ಎತ್ತಿದವರಿಗೆ ಉಳಿತಾಯ. ಇಪ್ಪತ್ತು ಜನ, ತಲಾ 5,000, ಒಂದು ಲಕ್ಷದ ಚೀಟಿ ಎನ್ನಿ. ಮೊದಲ ತಿಂಗಳೇ 30,000 ಬಿಟ್ಟು ಕೂಗಿದವರಿಗೆ 70,000 ಸಿಗುತ್ತದೆ. ಬಿಟ್ಟ 30,000ದಲ್ಲಿ ನಡೆಸುವವರ ಕಮಿಷನ್ 5,000 ಹೋಗಿ, ಉಳಿದ 25,000 ಇಪ್ಪತ್ತು ಜನಕ್ಕೆ 1,250ರಂತೆ ಹಂಚಿಕೆ. ಆ ತಿಂಗಳು ಎಲ್ಲರೂ 3,750 ಕಟ್ಟಿದರೆ ಸಾಕು. ಟಿವಿಗಾಗಿ ಮೊದಲ ತಿಂಗಳು ಕೂಗಿದವರ ಬಡ್ಡಿಯೇ ಕಾದವರ ಲಾಭ. ಏಸಿಗೆ ಚೀಟಿ ಹಾಕುವುದಾದರೆ ಕೊನೆಯ ಐದು ತಿಂಗಳು ಬರುವವರೆಗೆ ಕೂಗಬಾರದು ಎಂದು ಮೊದಲೇ ನಿಶ್ಚಯಿಸಿ.

ಚೀಟಿ ನೋಂದಾಯಿಸಿದ್ದೇ ಆಗಿರಬೇಕು. 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನಡೆಸುವವರು ಭದ್ರತೆ ಇಡಬೇಕು, ಕಮಿಷನ್‌ಗೆ ಮಿತಿ ಇದೆ (2019ರ ತಿದ್ದುಪಡಿಯ ನಂತರ ಶೇ 7). ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಓಣಿಯ ಬಾಯಿಮಾತಿನ ಚೀಟಿಯಲ್ಲಿ ಎತ್ತಿದವರು ಕಟ್ಟುವುದನ್ನು ನಿಲ್ಲಿಸಿದರೆ ಕೊನೆಯವರೆಗೆ ಕಾದವರ ಕೈ ಬರಿದು, ಕಾಗದವೇ ಇಲ್ಲದೆ ದೂರು ಕೊಡುವುದೂ ಕಷ್ಟ.

ಬಂಗಾರದ ಅಂಗಡಿಗಳ ‘ಹನ್ನೊಂದು ತಿಂಗಳು ಕಟ್ಟಿ’ ಸ್ಕೀಮಿನಲ್ಲಿ ಕಟ್ಟುವ ದುಡ್ಡು ಸರಕಿಗೆ ಕೊಟ್ಟ ಮುಂಗಡ, ಬ್ಯಾಂಕಿನ ಠೇವಣಿಯಲ್ಲ. ವಿಮೆ ಇಲ್ಲ, ಅಂಗಡಿ ಮುಚ್ಚಿದರೆ ಅದಕ್ಕೆ ಸಾಲ ಕೊಟ್ಟವರ ಸರತಿಯಲ್ಲಿ ನಿಲ್ಲಬೇಕು. ಹನ್ನೊಂದು ತಿಂಗಳು ಏಕೆ ಎಂದರೆ, ಕಂಪನಿಗಳು ಇಂಥ ಮುಂಗಡವನ್ನು 365 ದಿನದೊಳಗೆ ಸರಕಾಗಿ ತೀರಿಸದಿದ್ದರೆ ಕಾನೂನಿನಲ್ಲಿ ಅದು ಠೇವಣಿ ಆಗಿಬಿಡುತ್ತದೆ. ‘ಮೇಕಿಂಗ್ ಇಲ್ಲ’ ಎಂಬ ಆಸೆ ತೋರಿಸಿ, ಕೊನೆಗೆ ಆ ರಿಯಾಯಿತಿ ಸರಳ ಕೆಲಸದ ಒಡವೆಗೆ ಮಾತ್ರ ಎನ್ನುವುದು ಹಳೆಯ ವರಸೆ, ಷರತ್ತು ಓದಿ. ಅದಕ್ಕಿಂತ ಆರ್‌ಡಿ ಕಟ್ಟಿ, ದುಡ್ಡು ಹಿಡಿದು ಬೇಕಾದ ಅಂಗಡಿಗೆ ಹೋಗುವುದು ಹಗುರ. ಒಡವೆಯ ಮೇಲೆ ಆರು ಅಕ್ಷರ-ಅಂಕಿಯ ಗುರುತು ಸಂಖ್ಯೆ, ಎಚ್‌ಯುಐಡಿ, ಇದೆಯೇ ನೋಡಿ. 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ.

ಗಂಟು ಒಡೆಯುವುದು ಎಲ್ಲಿ

ಆರನೇ ಏಳನೇ ಕಂತಿನ ಹೊತ್ತಿಗೆ. ಮೊತ್ತ ಮೂವತ್ತು ಸಾವಿರ ದಾಟಿರುತ್ತದೆ, ಮನೆಯವರಿಗೆಲ್ಲ ಗೊತ್ತಾಗಿರುತ್ತದೆ. ‘ನಿಮ್ಮತ್ರ ಐತಲ್ಲ ಮಾವ, ಒಂದ್ ಹದಿನೈದು ದಿನ’ ಎಂದು ಬರುವವರು ಬರುತ್ತಾರೆ. ಬಾಯಿಮಾತಿನ ನಿರಾಕರಣೆ ನಮ್ಮಲ್ಲಿ ನಡೆಯುವುದಿಲ್ಲ, ಅವಧಿ ಮುಗಿಯದ ಖಾತೆಯ ಪಾಸ್‌ಬುಕ್ ನಡೆಯುತ್ತದೆ. ಉಳಿತಾಯ ಖಾತೆಯಲ್ಲಿ ಬಿಟ್ಟ ದುಡ್ಡಿಗೆ ಈ ಗುರಾಣಿ ಇಲ್ಲ. ಫೋನ್‌ಪೇ, ಗೂಗಲ್‌ಪೇ ಜೋಡಿಸಿದ ಖಾತೆಯಂತೂ ಗಂಟಿಗೆ ಬೇಡವೇ ಬೇಡ.

ನಿಜವಾದ ತುರ್ತು ಬಂದರೆ ಮುರಿಯುವ ಮುಂಚೆ ಬ್ಯಾಂಕಿನಲ್ಲಿ ಆರ್‌ಡಿ ಮೇಲೆ ಸಾಲ ಕೇಳಿ. ಅದರ ಬಡ್ಡಿ ಠೇವಣಿಯ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಮಾತ್ರ ಹೆಚ್ಚಿರುತ್ತದೆ, ಗಂಟು ಹಾಗೇ ಉಳಿಯುತ್ತದೆ. ಮುರಿದರೆ ಓಡಿದ ಅವಧಿಯ ದರಕ್ಕೆ ಇಳಿಸಿ, ಅದರಲ್ಲೂ ಅರ್ಧದಿಂದ ಒಂದು ಪರ್ಸೆಂಟ್ ಕಡಿತ ಮಾಡುವುದು ಹೆಚ್ಚಿನ ಬ್ಯಾಂಕುಗಳ ರೂಢಿ. ಅಸಲು ಎಲ್ಲಿಗೂ ಹೋಗುವುದಿಲ್ಲ, ಹೆದರಬೇಡಿ.

ಸಂಘದ ಸಾಲ ಎತ್ತಿ ಟಿವಿ ತರುವುದು ಇನ್ನೊಂದು ಬಿರುಕು. ಹಸುವಿಗೆಂದು ಬರೆಸಿ ಟಿವಿ ತಂದರೆ, ಟಿವಿ ಹಾಲು ಕೊಡುವುದಿಲ್ಲ, ವಾರದ ಕಂತು ನಿಲ್ಲುವುದಿಲ್ಲ. ಒಬ್ಬರು ತಪ್ಪಿದರೆ ಗುಂಪಿನ ಉಳಿದ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ, ಓಣಿಯ ಮಾತೇ ಕೆಡುತ್ತದೆ. ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಮನೆಯ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಲೆಕ್ಕವನ್ನು ನೀವೇ ಮೊದಲು ಹಾಕಿಕೊಳ್ಳಿ. ವಸೂಲಿಗೆ ಬಂದವರು ಬೆದರಿಸಿದರೆ, ಮನೆ ಮುಂದೆ ಕೂತು ಮಾನ ತೆಗೆದರೆ ಠಾಣೆಗೆ ದೂರು ಕೊಡಬಹುದು.

ರೊಕ್ಕ ಹಿಡಿದು ಅಂಗಡಿಗೆ ಹೋದಾಗ

ಬೆಲೆ ಕೇಳುವ ಮುಂಚೆ ‘ಇಎಂಐ ಬೇಡ, ನಗದು’ ಎಂದು ಹೇಳಿಬಿಡುವುದು ತಪ್ಪು. ಮೊದಲು ಬೆಲೆ ಕೇಳಿ, ಇಎಂಐಗೆ ಎಷ್ಟು ರಿಯಾಯಿತಿ, ಕಾರ್ಡಿಗೆ ಎಷ್ಟು ಕ್ಯಾಶ್‌ಬ್ಯಾಕ್ ಎಂಬುದನ್ನು ಅವರ ಬಾಯಿಂದಲೇ ಬರಿಸಿ, ಕೊನೆಗೆ ‘ಇವತ್ತೇ ಪೂರ್ತಿ ಕೊಟ್ಟರೆ?’ ಎನ್ನಿ. ಎರಡು ಮೂರು ಅಂಗಡಿಯ ಬೆಲೆ ಚೀಟಿಯಲ್ಲಿ ಬರೆಸಿಕೊಳ್ಳಿ, ಮಾಡೆಲ್ ನಂಬರ್ ಪೂರ್ತಿ ಇರಲಿ. ಕೊನೆಯ ಒಂದು ಅಕ್ಷರ ಬೇರೆಯಾದರೆ ಹೋದ ವರ್ಷದ ಮಾಲು ಇರಬಹುದು. ಹಳೆ ಮಾಡೆಲ್ ಕೆಟ್ಟದ್ದೇನಲ್ಲ, ಆದರೆ ಬೆಲೆ ಇಳಿಯಬೇಕು. ಬೈಕಿಗೂ ಇದೇ: ಡಿಸೆಂಬರ್ ಕೊನೆಗೆ ಕೊಂಡರೆ ತಯಾರಿಕೆಯ ವರ್ಷ ಮಾರುವಾಗ ಒಂದು ವರ್ಷ ಹಳೆಯದಾಗುತ್ತದೆ, ಅದಕ್ಕೆ ತಕ್ಕ ರಿಯಾಯಿತಿ ಕೇಳಿ.

ನಗದು ಎಂದರೆ ನೋಟಿನ ಕಂತೆಯೇ ಆಗಬೇಕಿಲ್ಲ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚನ್ನು ಅಂಗಡಿಯವರು ನೋಟಿನಲ್ಲಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಯಲ್ಲಿ ನಿಷಿದ್ಧ; ದೊಡ್ಡ ಬೈಕಾದರೆ ಎನ್‌ಇಎಫ್‌ಟಿ ಅಥವಾ ಡಿಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ, ವಾರಂಟಿ ಕಾರ್ಡಿಗೆ ತಾರೀಕು ಹಾಕಿದ ಸೀಲು ಬೀಳಲಿ. ‘ಬಿಲ್ ಬೇಡ ಅಂದ್ರೆ ಸಾವಿರ ಕಡಿಮೆ’ ಎಂಬ ಮಾತಿಗೆ ತಲೆಯಾಡಿಸಿದರೆ ಕಂಪ್ರೆಸರ್ ಕೆಟ್ಟ ದಿನ ಕೇಳುವವರಿಲ್ಲ.

ಅರ್ಧ ಗಂಟು, ಅರ್ಧ ಸಾಲ

ಪೂರ್ತಿ ಕಾಯಲು ಆಗದವರೂ ಇರುತ್ತಾರೆ. ಕುಷ್ಟಗಿಯಿಂದ ಕೊಪ್ಪಳಕ್ಕೆ ದಿನಾ ಕೆಲಸಕ್ಕೆ ಓಡಾಡುವವರಿಗೆ ಬೈಕ್ ಬರೀ ಶೋಕಿಯಲ್ಲ. ಇವರು ಹನ್ನೆರಡು ತಿಂಗಳು 5,000 ಕಟ್ಟಿದರೆ ಬಡ್ಡಿ ಸೇರಿ 61,950 ಆಗುತ್ತದೆ. ಒಂದು ಲಕ್ಷದ ಬೈಕಿಗೆ ಉಳಿದ 38,000 ಸಾಲ ಮಾಡಿದರೆ, ಶೇ 18 ಇಳಿಯುವ ಬಡ್ಡಿಯಲ್ಲೂ ಅದೇ 5,000ದ ಕಂತಿಗೆ ಎಂಟು ತಿಂಗಳಿಗೇ ಹೆಚ್ಚುಕಡಿಮೆ ತೀರುತ್ತದೆ. ಬಡ್ಡಿ 2,700ರ ಆಸುಪಾಸು, ಪೂರ್ತಿ ಸಾಲದಲ್ಲಿ ಅದು 20,000 ಇತ್ತು. ಸಾಲ ಮಾಡುವಾಗ ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಎಷ್ಟು ಎಂಬುದನ್ನು ಹಾಳೆಯಲ್ಲಿ ತೋರಿಸಿ ಎನ್ನಿ. ಸುಗ್ಗಿಯ ದುಡ್ಡು ಬಂದಾಗ ಒಟ್ಟಿಗೆ ಕಟ್ಟಬೇಕೆಂದಿದ್ದರೆ ಇದು ಮುಖ್ಯ.

ಸಾಲ ತೀರಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಹೈಪಾಥಿಕೇಶನ್ (ಅಡವು) ಎಂದು ಕೂತಿರುತ್ತದೆ, ಅದು ತಾನಾಗಿ ಹೋಗುತ್ತದೆ ಎಂದು ಬಿಡಬೇಡಿ. ಕೊನೆಯ ಕಂತಿನ ಬಳಿಕ ಸಾಲ ತೀರಿದೆ ಎಂಬ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಪಡೆದು, ಆರ್‌ಸಿ, ವಿಮೆ ಪ್ರತಿಯೊಂದಿಗೆ ಆರ್‌ಟಿಒದಲ್ಲಿ ಅರ್ಜಿ ಹಾಕಿ. ಕೆಎ-34 ಆದರೆ ಬಳ್ಳಾರಿ, 36 ರಾಯಚೂರು, 37 ಕೊಪ್ಪಳ. ಹೆಸರು ತೆಗೆಸದೆ ಬಿಟ್ಟರೆ ಐದು ವರ್ಷದ ಮೇಲೆ ಬೈಕ್ ಮಾರುವ ದಿನ, ಅಷ್ಟೊತ್ತಿಗೆ ಶಾಖೆಯನ್ನೇ ಮುಚ್ಚಿರುವ ಕಂಪನಿಯ ಎನ್‌ಒಸಿಗೆ ಅಲೆಯಬೇಕು. ವಿಮೆ ಪಾಲಿಸಿಯಲ್ಲೂ ಅದೇ ಹೆಸರಿರುತ್ತದೆ, ಅದನ್ನೂ ತೆಗೆಸಿ. ಆ ವಾರವೇ, ಖಾಲಿಯಾದ 5,000ದ ಕಂತನ್ನು ಅದೇ ತಾರೀಕಿಗೆ ಮುಂದಿನ ಆರ್‌ಡಿಗೆ ತಿರುಗಿಸಿ.